ಬಾಬುಸಾಬನ ಛತ್ರಿ ಮತ್ತು ನನ್ನ ಅಪೀಲು

ಸವಣೂರಿನಲ್ಲಿ ನಮ್ಮ ನೆರೆಯ ಅಂಗಡಿಯ ಬಾಬುಸಾಬ ಹಾಡಹಗಲೇ ನನ್ನ ತಲೆಗೆ ಛತ್ರಿಯಿಂದ ಹೊಡೆದ. ಅವನು ಕರಿದು ಮಾರುವ ಖಾರದಲ್ಲಿ ಖಾರವೇ ಇಲ್ಲವೆಂದು ನಾನು ಸತ್ಯ ನುಡಿದಿದ್ದೆ, ಅಷ್ಟೇ. ಖಾಸಗಿ ಫಿರ್ಯಾದು ಹೂಡಿದೆ. ಗೆಲುವು ಖಚಿತ!

"ಹೊಡದ ಕೈ ಯಾವುದ್ರಿ, ಎಡಗೈಯೋ ಬಲಗೈಯೋ?" ಎಂದರು ಅವನ ವಕೀಲರು.

ನಾನು ಕತೆಗಾರ. ನೆನಪು ದಿನಕ್ಕೊಂದು ವೇಷ ಹಾಕುತ್ತದೆ, ಅದನ್ನು ನಂಬಬಾರದು ಎಂದು ನ್ಯಾಯಾಲಯಕ್ಕೆ ಸವಿಸ್ತಾರವಾಗಿ ತಿಳಿಸಿದೆ. ನ್ಯಾಯಾಧೀಶರು ಪೂರ್ತಿ ಒಪ್ಪಿದರು. ಬಾಬುಸಾಬ ಖುಲಾಸೆ!

"ಅಪೀಲು ಹೋಗ್ತೇನಿ!" ಮನೆಯಲ್ಲಿ ಘೋಷಿಸಿದೆ.

"ಲಗೂನ ಹೋಗ್ರಿ ಮತ್ತ. ಅದಕ್ಕೂ ಗಡುವು ಇರ್ತದ," ಎಂದಳು ಹೆಂಡತಿ ಸುಧಾ.

ವಕೀಲನಾಗಿದ್ದ ಮುತ್ತಜ್ಜನ ಬ್ರಿಟಿಷ್ ಕಾಲದ ಕಾನೂನು ಪುಸ್ತಕ ತೆರೆದೆ. ಖುಲಾಸೆಯ ಮೇಲೆ ಅಪೀಲಿಗೆ ಆರು ತಿಂಗಳು! ಮುಂದಿನ ಸಾಲು ಓದುವ ಅಗತ್ಯ ಕಾಣಲಿಲ್ಲ. ನಿಶ್ಚಿಂತೆಯಿಂದ ಅಪೀಲಿನ ಮೊದಲ ವಾಕ್ಯ ತಿದ್ದುತ್ತ ಕುಳಿತೆ. ಐದು ತಿಂಗಳಾದರೂ ಎರಡನೆಯ ವಾಕ್ಯ ಬರಲಿಲ್ಲ.

ಚಡಪಡಿಸಿದವನು ಬಾಬುಸಾಬ. "ಆಚಾರ್ರ, ಹಾಕೋದಿದ್ರ ಹಾಕಿಬಿಡ್ರಿ. ಇದ ಚಿಂತ್ಯಾಗ ಖಾರದ ಹದಾ ತಪ್ಪಾಕತ್ತೈತಿ. ಬರ್ರಿ, ಶಿಗ್ಗಾವ್ಯಾಗ ಬ್ಯಾರೆ ವಕೀಲರದಾರ, ಅವರ ಕಡೆ ನಾನ ಕರಕೊಂಡ ಹೋಗ್ತೇನಿ!"

ಆರೋಪಿಯ ಬೈಕಿನ ಹಿಂದೆ ಫಿರ್ಯಾದಿ ಮುತ್ತಜ್ಜನ ಪುಸ್ತಕ ಸಮೇತ ಹತ್ತಿದ.

ವಕೀಲರು ಪುಸ್ತಕದ ಧೂಳಿಗೆ ಎರಡು ಸಲ ಸೀನಿದರು. "ಈ ಆರು ತಿಂಗಳ ಸರ್ಕಾರಕ್ಕರೀ, ನಿಮಗಲ್ಲ. ಈ ಕಾನೂನರ ಎಲ್ಲೈತಿ ಈಗ? ನಿಮಗಿದ್ದದ್ದು ಎರಡ ತಿಂಗಳ. ಮುಗೀತು."

"ತಡಾ ಮಾಫ್ ಮಾಡಂಗಿಲ್ಲೇನ್ರಿ? ಇಷ್ಟ ದೂರ ಬಂದೇವಿ," ಎಂದು ಬೇಡಿಕೊಂಡವನು ಬಾಬುಸಾಬ!

"ತಕ್ಕ ಕಾರಣ ಬೇಕು. ಇಷ್ಟ ದಿನಾ ಏನ ಮಾಡಿದ್ರಿ ಆಚಾರ್ರ?"

"ಮೊದಲನೇ ವಾಕ್ಯ ತಿದ್ದಿದೆ."

ವಕೀಲರು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು.

ಹಿಂದಿರುಗುವಾಗ ಮಳೆ ಹನಿಯಿತು. ಬಾಬುಸಾಬ ಬೈಕು ನಿಲ್ಲಿಸಿ, ಅದೇ ಛತ್ರಿ ಬಿಚ್ಚಿ ನನ್ನ ತಲೆಗೂ ಹಿಡಿದ.

"ಇನ್ನ ಹೇಳಾಕ ಅಡ್ಡಿಯಿಲ್ಲ ಬಿಡ್ರಿ. ಹೊಡದದ್ದು ಖರೇ. ಬಲಗೈಲೆ."

"ಸುಳ್ಳು! ಎಡಗೈ!" ನಾನು ಗುಡುಗಿದೆ.

"ಅಲ್ರೀ, ಹೊಡದಾವ ನಾನು!"

"ಹೊಡಸ್ಕೊಂಡಾವ ನಾನು!"

ಬಾಬುಸಾಬ ಮಳೆಯಲ್ಲೇ ಛತ್ರಿ ಮಡಚಿದ. ಬಲಗೈಗೆ ತೆಗೆದುಕೊಂಡ. "ತೋರಸ್ಲೇನ್ರಿ?"

"ಬ್ಯಾಡ, ಬ್ಯಾಡ. ಬಲಗೈನ!"

ನನ್ನ ನೆನಪು ಅಷ್ಟು ಸ್ಪಷ್ಟವಾದದ್ದು ಅದೇ ಮೊದಲು.