ರಾಣಿ ಬಣ್ಣದ ಸೀರೆಯ ಪತ್ತೇದಾರಿಕೆ

ಕಳುವಾದ ಸೀರೆಯನ್ನು ಸೂರ್ಯ ಮುಳುಗುವುದರೊಳಗೆ ಹುಡುಕದಿದ್ದರೆ ತನ್ನ ಹೆಸರು ಭಾರತಿಯೇ ಅಲ್ಲ ಎಂದು ಭಾರತಿ ಚಿತ್ತಾಕುಲದ ತನ್ನ ಅಂಗಳದಲ್ಲಿ ನಿಂತು ಸಾರಿದಳು. ಹಳೆಯ ಕಾಲದ ಶೋಕಿ ಅವಳದು. ಪಫ್ ತೋಳಿನ ರವಿಕೆ, ಗೋಪುರದಂಥ ತುರುಬು, ಅರ್ಧ ಮುಖ ನುಂಗುವ ಕಪ್ಪು ಕನ್ನಡಕ. ಕನ್ನಡಕವನ್ನಂತೂ ಮನೆಯೊಳಗೂ ತೆಗೆಯುತ್ತಿರಲಿಲ್ಲ. ಓಣಿಯವರ ಕಳೆದುಹೋದ ಹುಂಜವನ್ನು ಒಮ್ಮೆ ಹುಡುಕಿಕೊಟ್ಟ ಮೇಲೆ ಪತ್ತೇದಾರಿಕೆಯ ಹುಚ್ಚೂ ಹತ್ತಿತ್ತು.

ಕಾಣೆಯಾದದ್ದು ಅಜ್ಜಿಯ ರಾಣಿ ಬಣ್ಣದ ವಾಯಿಲ್ ಸೀರೆ. ಮರುದಿನ ಅಂಕೋಲೆಯಲ್ಲಿ ತಂಗಿಯ ಮದುವೆ. ಅದನ್ನೇ ಉಡುತ್ತೇನೆಂದು ತವರಿಗೆಲ್ಲ ಹೇಳಿಯಾಗಿತ್ತು.

“ಹೊಸದು ಉಡು ಮಾರಾಯ್ತಿ, ಕಪಾಟು ಮುಚ್ಚೂಕೆ ಆಗೂದಿಲ್ಲ” ಎಂದ ಗಂಡ ವಿನೋದ.

“ಹೊಸದು ಯಾರು ಬೇಕಾದ್ರೂ ಉಡ್ತಾರೆ. ನೀವು ಸುಮ್ನಿರಿ.”

ಸೀರೆ ಇಟ್ಟಿದ್ದ ಟ್ರಂಕಿನ ಮುಚ್ಚಳ ಮೂಸಿದಳು. ಒಣ ಸಿಗಡಿಯ ವಾಸನೆ! ಮಳೆಗಾಲಕ್ಕೆಂದು ಓಣಿಯ ಎಲ್ಲ ಮನೆಗಳಲ್ಲೂ ಸಿಗಡಿ ಒಣಗುತ್ತಿತ್ತು. ಆದರೂ ಅನುಮಾನ ನೇರವಾಗಿ ಪಕ್ಕದ ಮನೆಗೆ ಹೋಯಿತು.

“ಕಾಮಕ್ಕ, ನಮ್ಮನೆಗೆ ಬಂದಿದ್ಯೆ?”

“ಸಕ್ಕರೆ ಕೇಳೂಕೆ ಬಂದಿದ್ದೆ. ನೀ ಕೊಡ್ಲಿಲ್ಲ.”

“ಸೀರೆ ಎಲ್ಲಿಟ್ಟೆ?”

“ನಿನ್ನ ಅಜ್ಜಿ ಸೀರೆ ಉಟ್ಕಂಡು ನಾ ಎಲ್ಲಿ ಹೋಗ್ಲಿ, ಮೀನುಪೇಟೆಗೆ? ಹುಡುಕು. ಸಿಗದಿದ್ರೆ ಓಣಿಯವ್ರ ಮುಂದೆ ತಪ್ಪಾಯ್ತು ಹೇಳ್ಬೇಕು.”

ಭಾರತಿ ಕಾಮಕ್ಕನ ಅಕ್ಕಿ ಡಬ್ಬಕ್ಕೂ ಕೈ ಹಾಕಿದಳು. ಸೀರೆಯಿಲ್ಲ. ಅಷ್ಟರಲ್ಲಿ ತಾರಸಿಯಿಂದ ಅತ್ತೆ ಬೊಮ್ಮಿ ಕೂಗಿದಳು: “ಮೋಡ ಆಯ್ತು, ಸಿಗಡಿ ಎತ್ತೂಕೆ ಬಾರೇ.”

ಓಡಿದಳು. ಹಿಂದೆಯೇ ಕಾಮಕ್ಕ. ಸಿಗಡಿ ಬಾಚಲು ಬಗ್ಗಿದ್ದೇ ಕನ್ನಡಕ ಜಾರಿ ಬಿತ್ತು. ಇಷ್ಟು ದಿನ ಕಂದು ಗೋಣಿಯಂತೆ ಕಂಡ ಹಾಸು ಬರಿಗಣ್ಣಿಗೆ ರಾಣಿ ಬಣ್ಣವಾಗಿ ಹೊಳೆಯಿತು.

“ಆಯಿ, ಇದನ್ನ ಯಾರು ಹಾಸಿದ್ದು?”

“ನೀನೇ. ಹಳೇ ಸೀರೆ ಒಂದು ತಾ ಅಂದೆ ನಾನು, ನೀ ಟ್ರಂಕಿಂದ ಎಳೆದು ತಂದೆ. ಕೋಲು ಹಿಡ್ಕಂಡು ಕಾಗೆ ಓಡಿಸ್ತಾ ಅದ್ರ ಮೇಲೇ ಕೂತಿದ್ಯಲ್ಲೇ.”

ಕಾಮಕ್ಕ ಓಣಿಯವರನ್ನು ಕರೆದಳು. ಭಾರತಿ ತಪ್ಪಾಯ್ತು ಎಂದಳು, ಸಕ್ಕರೆಯನ್ನೂ ಕೊಟ್ಟಳು. ಸೀರೆಯನ್ನು ಸೋಪಿನಲ್ಲಿ ಕುದಿಸಿದರೂ ಸಿಗಡಿಯ ವಾಸನೆ ಹೋಗಲಿಲ್ಲ. ವಿನೋದ ಹೊಸ ಸೀರೆ ತೆಗೆದಿಟ್ಟ.

“ಉಟ್ರೆ ಅಜ್ಜಿ ಸೀರೇನೇ” ಎಂದಳು ಭಾರತಿ.

ಮರುದಿನ ಅಂಕೋಲೆಯ ಮದುವೆ ಮಂಟಪಕ್ಕೆ ತಲೆಯೆತ್ತಿ, ಕನ್ನಡಕವೇರಿಸಿ ನಡೆದಳು. ವಿನೋದ ಕಿವಿಯಲ್ಲಿ ಪಿಸುಗುಟ್ಟಿದ: “ಹಿಂದೆ ನೋಡ್ಬೇಡ. ನಿನ್ನದೇ ಒಂದು ದಿಬ್ಬಣ ಬರ್ತಾ ಉಂಟು.”

ನೋಡಿದಳು. ಸೆರಗಿಗೆ ಮೂಗು ಹಚ್ಚಿಕೊಂಡು ಊರಿನ ಬೆಕ್ಕುಗಳೆಲ್ಲ ಸಾಲಾಗಿ ಬರುತ್ತಿದ್ದವು.

“ಬರ್ಲಿ” ಎಂದಳು ಭಾರತಿ. “ಹಳೇ ಸೀರೆ ಬೆಲೆ ಈ ಸಭೆಯಲ್ಲಿ ಅವಕ್ಕೆ ಮಾತ್ರ ಗೊತ್ತು.”