ಕಮಲಾಪುರದ ಎಂಗೇಜ್ ಫೋನು

ಅಂಬೆಗಾಲಿಡುವ ಕೂಸಿನ ಕೈಗೆ ಸಿಗದ ವಸ್ತು ಈ ಭೂಮಂಡಲದಲ್ಲಿ ಯಾವುದಾದರೂ ಇದೆಯೇ? ಅಡಕೆಯ ಚೂರು, ಊದಿನಕಡ್ಡಿ, ಸತ್ತ ಜಿರಲೆ, ಬದುಕಿರುವ ಜಿರಲೆ! ಹೆರಿಗೆ ರಜೆ ಮುಗಿದು ಮತ್ತೆ ಕಾಲೇಜಿಗೆ ಪಾಠ ಹೇಳಲು ಹೊರಟ ಮೊದಲ ದಿನ ನನ್ನ ತಲೆಯಲ್ಲಿ ಪಾಠವಿರಲಿಲ್ಲ, ಇವೇ ಇದ್ದವು. ಮಗ ಕೌಸ್ತುಭನನ್ನು ಹಿಂದಿನ ಸಂಜೆ ಕಮಲಾಪುರದಲ್ಲಿ ಅತ್ತೆ ಸಕ್ಕೂಬಾಯಿಯವರ ಹತ್ತಿರ ಬಿಟ್ಟು ಕಲಬುರಗಿಗೆ ಬಂದಿದ್ದೆವು. ಈ ಪ್ರಯೋಗ ಕೆಟ್ಟರೆ ನನ್ನ ನೌಕರಿಗೆ ಎಳ್ಳುನೀರು.

ಅದಕ್ಕೆಂದೇ ಟೆಲಿಫೋನ್ ಕಂಪನಿಯ ಹೊಸ ಸ್ಕೀಮು ಹಾಕಿಸಿದ್ದೆ. "ಬಾಜಿ, ನಿಮ್ಮ ಮನೀ ಇಂಟರ್ನೆಟ್, ಇಬ್ಬರ ಮೊಬೈಲ್, ಊರಾಗಿನ ಲ್ಯಾಂಡ್‌ಲೈನ್, ಸಬ್ ಏಕ್ ಖಾಂದಾನ್ ಆಗ್ತಾವ ನೋಡ್ರಿ" ಎಂದಿದ್ದ ನನ್ನನ್ನು ಅಕ್ಕನೆಂದೇ ಕರೆಯುವ ಸ್ಟೇಶನ್ ಬಜಾರದ ಅಂಗಡಿಯ ಝಹೀರ್. (ನಮ್ಮ ಮನೆತನದಲ್ಲಿಲ್ಲದ ಒಗ್ಗಟ್ಟು ತಂತಿಗಳಲ್ಲಾದರೂ ಇರಲಿ!) ಕಮಲಾಪುರದಲ್ಲಿ ಯಾರೂ ಎತ್ತದ ಕರೆ ನೇರವಾಗಿ ನನ್ನ ಮೊಬೈಲಿಗೇ ಬರುವಂತೆ ಹೇಳಿ ಮಾಡಿಸಿದವಳೂ ನಾನೇ. ಕೂಸಿನ ಡಾಕ್ಟರು ಅಲ್ಲಿಗೆ ಫೋನ್ ಮಾಡಿದರೆ ತಪ್ಪಬಾರದಲ್ಲ!

ಮೊದಲ ಕ್ಲಾಸು ಮುಗಿಯುತ್ತಲೇ ಕಮಲಾಪುರಕ್ಕೆ ಫೋನ್ ಹಚ್ಚಿದೆ. ರಿಂಗಾಯಿತು, ರಿಂಗಾಯಿತು, ಕೊನೆಗೆ ಒಬ್ಬ ಹೆಣ್ಣುಮಗಳು ಮಧುರವಾಗಿ, "ನೀವು ಕರೆ ಮಾಡಿದವರು ಬೇರೊಂದು ಕರೆಯಲ್ಲಿದ್ದಾರೆ" ಎಂದಳು. ಮತ್ತೆ ಹಚ್ಚಿದೆ. ಬೇರೊಂದು ಕರೆ. ಇನ್ನೊಮ್ಮೆ. ಅದೇ ಮಾಧುರ್ಯ. ಅತ್ತೆ ಹರಟೆಗೆ ಕೂತಿದ್ದಾರೆ! ಬೀದರಿನ ತಂಗಿಯೇ ಇರಬೇಕು. ಆ ಸೋದರಿಯರು ಫೋನ್ ಹಿಡಿದರೆ ಒಂದು ಯುಗ ಮುಗಿದು ಇನ್ನೊಂದು ಶುರುವಾಗುತ್ತದೆ. ಇತ್ತ ಕೂಸು, ಜಿರಲೆ, ಇಬ್ಬರೇ.

ಬ್ಯಾಂಕಿನಲ್ಲಿದ್ದ ಗಂಡ ಮುಕುಂದ ಅವರಿಗೆ ಹಚ್ಚಿದೆ.

"ನಿಮ್ಮ ಆಯಿ ಮುಂಜಾನಿಂದ ಫೋನ್ ಬಿಟ್ಟಿಲ್ಲರೀ!"

"ಮಾತಾಡ್ಲಿ ಬಿಡ. ಆಕಿ ಬಾಯಿ ನಡದದ ಅಂದ್ರ ಮನ್ಯಾಗ ಎಲ್ಲಾ ಆರಾಮ ಅದ ಅಂತ ಅರ್ಥ."

"ಕೂಸು?"

"ಅದೂ ಕೇಳ್ಕೋತ ಕೂತಿರ್ತದ. ನೀ ಪಾಠಾ ಹೇಳು."

ಹೇಳಲಿಲ್ಲ. ತಲೆನೋವೆಂದು ಪ್ರಿನ್ಸಿಪಾಲರ ಅಪ್ಪಣೆ ಪಡೆದು ಕಮಲಾಪುರದ ಮೇಲೆ ಹೋಗುವ ಬೀದರ ಬಸ್ಸು ಹತ್ತಿದೆ. ಬಸ್ಸು ಊರು ದಾಟುವಾಗ ಮೊಬೈಲು ಹೊಡೆದುಕೊಂಡಿತು. ಇವರೇ. ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದರು:

"ಆಯೀ, ಹರಟಿ ಸಾಕ ಮಾಡು. ಶುಭಾ ನನ್ನ ಜೀವಾ ತಿನ್ಲಿಕ್ಕತ್ಯಾಳ. ಕೂಸು ಆರಾಮ ಅದ ಅಂತ ಆಕಿಗೊಂದು ಮಾತು ಹೇಳಿಬಿಡು. ಇಲ್ಲಾಂದ್ರ ಆ ಹುಚ್ಚಿ ಬಸ್ ಹತ್ತಿ ಅಲ್ಲಿಗೇ ಬರ್ತಾಳ."

"ಹುಚ್ಚಿ ಬಸ್ ಹತ್ಯಾಳ್ರೀ," ಎಂದೆ.

"ಶುಭಾ? ನಾ ಹಚ್ಚಿದ್ದು ಕಮಲಾಪುರಕ್ಕಲ್ಲ?"

ಆಗ ನನಗೆ ಜ್ಞಾನೋದಯವಾಯಿತು. ಅತ್ತೆ ಫೋನು ಎತ್ತಿಯೇ ಇಲ್ಲ! ಎತ್ತದ ಕರೆ ಸ್ಕೀಮಿನ ಪ್ರಕಾರ ನನ್ನ ಮೊಬೈಲಿಗೆ ಬಂದಿದೆ. ಮುಂಜಾನೆ ನಾನು ಹಚ್ಚಿದ ಕರೆಗಳೂ ಹೀಗೇ ತಿರುಗಿ ನನ್ನ ಮೊಬೈಲಿಗೇ ಬಂದಿವೆ, ಅಲ್ಲಿ ನಾನು ಕಮಲಾಪುರಕ್ಕೆ ಕರೆ ಮಾಡುತ್ತ ಕೂತಿದ್ದೇನೆ. ಮುಂಜಾನೆಯಿಂದ ಎಂಗೇಜ್ ಇದ್ದವಳು ನಾನೇ.

"ಹಂಗಾದ್ರ ಆಯಿ ಯಾಕ ಎತ್ತವಲ್ಲಳು?" ಎಂದರು ಇವರು. ಅಯ್ಯೋ, ಹರಟೆಯೇ ಎಷ್ಟೋ ಮೇಲಿತ್ತು!

ಕಮಲಾಪುರದ ಮನೆಗೆ ಓಡಿದೆ. ಅತ್ತೆ ಮಡಿಯುಟ್ಟು ನೈವೇದ್ಯದ ಅಡುಗೆ ಮಾಡುತ್ತಿದ್ದರು. ಕೂಸಿಗೆಂದು ನಾನು ಇಸ್ತ್ರಿ ಹಾಕಿ ಕೊಟ್ಟಿದ್ದ ಅಂಗಿಗಳ ಗಂಟು ಬಿಚ್ಚಿಯೇ ಇರಲಿಲ್ಲ. ಮಡಿಗೆ ಅಡ್ಡಿಯಾಗದ ದಿಗಂಬರ ವೇಷದಲ್ಲಿ ಕೌಸ್ತುಭ, ಮೈತುಂಬ ಕೆಂಪು ಬಾಳೆಹಣ್ಣು ಬಳಿದುಕೊಂಡು ಕೇಕೆ ಹಾಕುತ್ತಿದ್ದ. ನನ್ನನ್ನು ಕಂಡನೋ ಇಲ್ಲವೋ, ಮುಗಿಲು ಹರಿಯುವಂತೆ ಅಳತೊಡಗಿದ.

"ಫೋನ್ ಯಾಕ ಎತ್ತಲಿಲ್ರೀ?"

"ಮಡೀಲೆ ಆ ಮೈಲಿಗಿ ಡಬ್ಬಿ ಮುಟ್ಟಲೇನು? ಯಾವನೋ ಕೆಲಸಿಲ್ಲದಾವ ಒಂದೇ ಸವನ ಹೊಡೀಲಿಕ್ಕತ್ಯಾನ. ಏ, ಅಲ್ಲೇ ನಿಲ್ಲು! ಬಸ್ಸಿನ ಮೈಲಿಗಿ! ನಿನ್ನ ಮಾರಿ ನೋಡೇ ಅಳ್ಲಿಕ್ಕತ್ತದ ಅದು. ಹೊರಗ ಕಟ್ಟಿ ಮ್ಯಾಲ ಕೂಡು, ಮರೀಲಿ."

ಮರೆಯಲಿ? ಹೆತ್ತ ತಾಯಿಯನ್ನು? ಕಟ್ಟೆಯ ಮೇಲೆ ನಾನಿನ್ನೂ ಸರಿಯಾಗಿ ಕೂತಿರಲಿಲ್ಲ, ಅಳು ನಿಂತುಹೋಯಿತು. ನಿಂತದ್ದಕ್ಕೂ ನನಗೆ ಗಾಬರಿ. ಯಾಕೆ ನಿಂತಿತು? ಒಳಗೆ ಹೋಗುವಂತಿಲ್ಲ, ಕೂಗಿ ಕೇಳಿದರೆ ನನ್ನ ದನಿಗೇ ಮತ್ತೆ ಅಳುತ್ತಾನೆ. ನೈವೇದ್ಯವಾಯಿತು, ಊಟವಾಯಿತು, ಅತ್ತೆ ಮಡಿ ಬಿಟ್ಟು ಬೇರೆ ಸೀರೆ ಉಟ್ಟದ್ದು ಕಿಟಕಿಯಲ್ಲಿ ಕಂಡಿತು. ಇನ್ನು ತಡೆಯಲಾರದೆ, ಕೂತಲ್ಲಿಂದಲೇ ಒಳಗಿನ ಲ್ಯಾಂಡ್‌ಲೈನಿಗೆ ಹಚ್ಚಿದೆ. ಈ ಸಲ ಎತ್ತಿದರು.

"ಹಲೋ, ಯಾರು?"

"ನಾನ್ರೀ, ಶುಭಾ," ಎಂದು ಪಿಸುಗುಟ್ಟಿದೆ. "ಕೂಸು ಹ್ಯಾಂಗದರೀ?"

"ಆರಾಮ ಅದವಾ," ಎಂದರು ಅತ್ತೆ. "ನಡುವ ಯಾರೋ ಅವರವ್ವ ಅಂತ ಬಂದಿದ್ಲು. ಆಗಷ್ಟ ಒಂಚೂರು ತ್ರಾಸಾತು."