ವಾಷಿಂಗ್ ಮಷೀನಿನೊಳಗೆ ಕ್ರಿಸ್‌ಮಸ್

"ಡಿಸೆಂಬರಿಗೆ ಮುಂಚೆ ಕ್ರಿಸ್‌ಮಸ್ ತಿಂಡಿಯ ಒಂದು ಚೂರೂ ಈ ಮನೆಯ ಹೊಸಿಲು ದಾಟಕೂಡದು!"

ಬೇಸಿಗೆ ಇನ್ನೂ ಮುಗಿಯದ ಒಂದು ದಿನ ನಾನು ಹೀಗೊಂದು ಶಾಸನ ಹೊರಡಿಸಿದೆ. ಕಾರಣವಿತ್ತು. ಬೀದಿಯಲ್ಲಿ ಜನ ಚಡ್ಡಿ ಹಾಕಿಕೊಂಡು ಐಸ್‌ಕ್ರೀಮ್ ನೆಕ್ಕುತ್ತಿರುವಾಗಲೇ ನಮ್ಮೂರಿನ ಸೂಪರ್‌ಮಾರ್ಕೆಟ್ಟಿನವರು ಬಾಗಿಲಲ್ಲಿ ಲೇಬ್‌ಕೂಖನ್ ಗೋಪುರ ಕಟ್ಟಿದ್ದರು. ಜೇನು, ಚಕ್ಕೆ, ಲವಂಗ ಹಾಕಿ ಬೇಯಿಸಿ ಚಾಕೊಲೇಟಿನಲ್ಲಿ ಅದ್ದಿ ತೆಗೆದ ಹೃದಯದ ಆಕಾರದ ತಿಂಡಿ. ಕಚ್ಚಿದರೆ ಒಳಗೆ ಏಪ್ರಿಕಾಟ್ ಜಾಮ್. ಹಿಮ ಬಿದ್ದ ಮೇಲೆ ತಿನ್ನಬೇಕಾದ್ದನ್ನು ಬೆವರು ಒರೆಸಿಕೊಳ್ಳುತ್ತ ತಿನ್ನುವುದೆಂದರೆ ಏನರ್ಥ? ಜೀವಮಾನವಿಡೀ ರೋಮನ್ ಕಾನೂನು ಕಲಿಸಿದವಳು ನಾನು. ಸಾಮ್ರಾಜ್ಯಗಳು ಹೇಗೆ ಬೀಳುತ್ತವೆಂದು ನನಗೆ ಗೊತ್ತು. ಮೊದಲು ಶಿಸ್ತು ಬೀಳುತ್ತದೆ!

"ನಂಗೆ ಅದರ ಆಸೇನೇ ಇಲ್ಲ ಬಿಡು, ಹೆಡ್ವಿಗ್" ಎಂದ ನನ್ನ ಗಂಡ ಅರ್ನೋ. ಅವನು ನಿವೃತ್ತ ಸರ್ವೇಯರ್.

"ಆಸೆ ಇಲ್ಲದವನ ಕೈ ಹೋದ ಸೆಪ್ಟೆಂಬರಲ್ಲಿ ಡಬ್ಬದೊಳಗೆ ಸಿಕ್ಕಿಹಾಕ್ಕೊಂಡಿತ್ತಲ್ಲ?"

"ಆಗ ಕಾನೂನು ಇರಲಿಲ್ಲವಲ್ಲ."

ಮನೆಯೊಂದನ್ನೇ ಉದ್ಧಾರ ಮಾಡಿದರೆ ಸಾಕೇ? ಚರ್ಚಿನ ಹೆಂಗಸರ ಕಾಫಿಕೂಟದಲ್ಲೂ ಎದ್ದು ನಿಂತು ಭಾಷಣ ಬಿಗಿದೆ. ಆ ಗೋಪುರದಿಂದ ಆಗಲೇ ನಾಲ್ಕು ಪೊಟ್ಟಣ ಹೊತ್ತು ತಂದಿದ್ದ ನೆರೆಮನೆಯ ಫ್ರೌ, ಎಂದರೆ ಶ್ರೀಮತಿ, ಕ್ನೋಪ್ ತಲೆ ತಗ್ಗಿಸಿದರು. ನನಗೆ ಪರಮಾನಂದವಾಯಿತು.

ಸೂಪರ್‌ಮಾರ್ಕೆಟ್ಟಿನ ಮೇಲೆ ನನಗೆ ದ್ವೇಷವೇನಿಲ್ಲ. ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಬೆಳೆದವಳು ನಾನು. ಅಮ್ಮ ಒಂದು ಕಿತ್ತಳೆಯನ್ನು ಮಕ್ಕಳೆಲ್ಲರಿಗೂ ಹಂಚುತ್ತಿದ್ದಳು. ಈಗ ಉಪ್ಪುನೀರಿನ ಸೌತೆಕಾಯಿಯೇ ಒಂದು ಗೋಡೆ ತುಂಬ! ಕಪ್ಪು ರೈ ಬ್ರೆಡ್ಡು, ಗಟ್ಟಿ ಮೊಸರಿನಂಥ ಕ್ವಾರ್ಕ್, ಮೂಗಿಗೆ ಏರುವ ಸಾಸಿವೆ, ಕಾಫಿ ಸೋಸುವ ಕಾಗದ... ತಳ್ಳುಗಾಡಿ ಹಿಡಿದು ಆ ಸಾಲುಗಳ ನಡುವೆ ಹೋಗುವಾಗ ನನ್ನಂಥ ಶುಷ್ಕ ಹೆಂಗಸಿಗೂ ಯಾರಿಗಾದರೂ ಒಂದು ನಮಸ್ಕಾರ ಹೇಳೋಣ ಅನ್ನಿಸುತ್ತದೆ.

ಆ ದಿನವೂ ಅದೇ ಸದ್ಭಾವದಲ್ಲಿ ಹೋದೆ. ಗೋಪುರದ ಮುಂದೆ ನಿಂತೆ. ವಿರೋಧಿಸುವ ವಸ್ತುವನ್ನು ಪರೀಕ್ಷಿಸದೆ ವಿರೋಧಿಸುವುದು ವಿದ್ವತ್ತಿಗೆ ಶೋಭೆಯಲ್ಲ. ಒಂದು ಪೊಟ್ಟಣ ತೆಗೆದುಕೊಂಡೆ. ಒಂದೇ ಸಾಕ್ಷಿಯ ಮೇಲೆ ತೀರ್ಪು ಕೊಡಬಾರದೆಂದು ಇನ್ನೂ ಎರಡು ತೆಗೆದುಕೊಂಡೆ!

ಹಣ ಕಟ್ಟುವ ಕೌಂಟರಿನ ಓಡುವ ಬೆಲ್ಟಿನ ಮೇಲೆ ಅವನ್ನಿಟ್ಟು ತಿರುಗುತ್ತೇನೆ, ಬೆನ್ನ ಹಿಂದೆಯೇ ಫ್ರೌ ಕ್ನೋಪ್! ಪಕ್ಕದಲ್ಲಿ ಪೇರಿಸಿಟ್ಟಿದ್ದ ಟಾಯ್ಲೆಟ್ ಪೇಪರಿನ ಕಟ್ಟುಗಳನ್ನು ಎಳೆದೆಳೆದು ಸಾಕ್ಷಿಗಳ ಮೇಲೆ ಹೇರಿದೆ.

"ಅಯ್ಯೋ ಫ್ರೌ ಪ್ರೊಫೆಸರ್, ಇಷ್ಟೊಂದು ಪೇಪರ್ರಾ! ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

"ಅರ್ನೋಗೆ... ಹೊಟ್ಟೆ ಸರಿಯಿಲ್ಲ."

ಸಂಜೆಯೊಳಗೆ ಆ ಪುಣ್ಯಾತ್ಗಿತ್ತಿ ಅರ್ನೋಗೆಂದು ಕೋಲಾ ಬಾಟಲಿ, ಉಪ್ಪುಕಡ್ಡಿಗಳೆಂಬ ಗರಿಗರಿ ತಿಂಡಿಯ ಪೊಟ್ಟಣ ಹಿಡಿದು ಬಂದರು. ನಮ್ಮಲ್ಲಿ ಕೆಟ್ಟ ಹೊಟ್ಟೆಗೆ ಅದೇ ಪಥ್ಯ. ಅರ್ನೋ ಕಣ್ಣು ಕಣ್ಣು ಬಿಟ್ಟ. ಆದರೆ ಉಪ್ಪುಕಡ್ಡಿಯೆಂದರೆ ಅವನಿಗೆ ಪ್ರಾಣ. ಪ್ರಶ್ನೆ ಕೇಳದೆ ತಿಂದು ಮುಗಿಸಿದ.

ಇನ್ನು ಬಚ್ಚಿಡುವ ಪ್ರಶ್ನೆ. ಸರ್ವೇಯರನಿದ್ದ ಮನೆಯಲ್ಲಿ ಅಳೆಯದ ಮೂಲೆ ಎಲ್ಲಿ? ಆದರೆ ಅಂಥದೊಂದು ಅಜ್ಞಾತ ಖಂಡ ಇತ್ತು: ನೆಲಮಾಳಿಗೆಯ ವಾಷಿಂಗ್ ಮಷೀನ್! ಮದುವೆಯಾದಾಗಿನಿಂದ ಅದರ ಬಾಗಿಲನ್ನು ಅವನು ಮುಟ್ಟಿದವನಲ್ಲ. ಕವರು ಸದ್ದು ಮಾಡೀತೆಂದು ಪೊಟ್ಟಣ ಬಿಚ್ಚಿ, ತಿಂಡಿಯನ್ನಷ್ಟೇ ಅದರ ಹೊಟ್ಟೆಯೊಳಗಿಟ್ಟು ಬಾಗಿಲು ಒತ್ತಿದೆ. ಗಂಡನ ಸೋಮಾರಿತನದ ಮೇಲೆ ನನಗಿದ್ದಷ್ಟು ನಂಬಿಕೆ ಯಾವ ಬ್ಯಾಂಕಿನ ಮೇಲೂ ಇರಲಿಲ್ಲ!

ಅಂದಿನಿಂದ ನನಗೆ ಹೊತ್ತುಹೊತ್ತಿಗೆ ಬಟ್ಟೆ ಒಗೆಯುವ ಚಿಂತೆ ಹತ್ತಿತು. ಬೆಳಿಗ್ಗೆ ಕೆಳಗಿಳಿದೆ, ಮಧ್ಯಾಹ್ನ ಇಳಿದೆ, ಊಟವಾದ ಮೇಲೂ ಇಳಿದೆ.

"ಮತ್ತೆ ಕೆಳಗಾ?" ಎಂದು ಅರ್ನೋ ಕೇಳುತ್ತಿದ್ದ.

"ಮನೆ ಕೆಲಸ ನಿಂಗೇನು ಗೊತ್ತು?"

ಅವನು ನನ್ನ ಮಂಡಿಯ ಕಡೆ ನೋಡುತ್ತಿದ್ದ. ಆ ನೋಟದಲ್ಲಿ ಅಪಾಯ ಮೊಳೆಯುತ್ತಿದೆಯೆಂದು ನನಗೆ ಹೊಳೆಯಲಿಲ್ಲ.

ಅಕ್ಟೋಬರಿನ ಮೊದಲ ಭಾನುವಾರ ಸುಗ್ಗಿಯ ಕೃತಜ್ಞತೆಯ ಹಬ್ಬ. ಚರ್ಚಿನ ಪೀಠದ ಮೇಲೆ ಕುಂಬಳ, ಸೇಬು, ಗೋಧಿಯ ಕಂತೆ, ರೊಟ್ಟಿ ಎಲ್ಲ ಪೇರಿಸುತ್ತಾರೆ. ಅದರ ಕೆಳಗೆ ಹಾಸುವ ಬಿಳಿ ಲಿನನ್ ನಾರುಮಡಿ ನಮ್ಮ ಅಜ್ಜಿಯರ ಕಾಲದವರು ಕಸೂತಿ ಹಾಕಿದ್ದು. ಅದನ್ನು ನಮ್ಮ ಚರ್ಚಿನ ಪ್ರಾರ್ಥನೆ ನಡೆಸುವ ಪಾದ್ರಿಯಮ್ಮ ಥೀಮನ್ ನನ್ನ ಕೈಗೇ ಕೊಟ್ಟಿದ್ದರು: "ನಿಮ್ಮನ್ನ ಬಿಟ್ಟು ಇನ್ಯಾರನ್ನೂ ನಂಬಲಾರೆ, ಫ್ರೌ ಪ್ರೊಫೆಸರ್. ಕೈಯಲ್ಲೇ ಒಗೀರಿ."

ಶನಿವಾರ ನಾನು ಕೂದಲು ಕತ್ತರಿಸಿಕೊಂಡು ಬರುವಷ್ಟರಲ್ಲಿ ಅರ್ನೋ ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತಿದ್ದ. ತೊಡೆಯ ಮೇಲೆ ನಾರುಮಡಿ. ಅದರ ತುಂಬ ಕಂದು ಬಣ್ಣದ ದ್ವೀಪಗಳು, ಪರ್ಯಾಯದ್ವೀಪಗಳು, ಒಂದೆರಡು ಖಂಡಗಳು!

"ಹೆಡ್ವಿಗ್, ಬೈಬೇಡ. ದಿನಾ ಅಷ್ಟು ಸಲ ಇಳಿದು ಹತ್ತಿ ಮಾಡ್ತೀಯಲ್ಲ, ಮಂಡಿ ಬೇರೆ ನೋವು ನಿಂಗೆ. ಇದೊಂದನ್ನಾದ್ರೂ ನಾನು ಒಗೀತೀನಿ ಅಂತ ಮಷೀನಿಗೆ ಹಾಕ್ದೆ. ಅದರೊಳಗೆ ಎಣ್ಣೆ ಸೋರ್ತಿದೆ ಅನ್ಸುತ್ತೆ. ಈಗಲೇ ಹೋಗಿ ಪಾದ್ರಿಯಮ್ಮಂಗೆ ಹೇಳ್ಬಿಡ್ತೀನಿ, ತಪ್ಪು ನಂದು ಅಂತ."

ಓದುಗರೇ, ಒಂದು ಗಳಿಗೆ ನಾನೂ ಆ ಎಣ್ಣೆಯನ್ನೇ ನಂಬಿಬಿಡೋಣವೆಂದುಕೊಂಡೆ. ಎಣ್ಣೆ ಸೋರುವುದು ಸಾಧ್ಯವಿಲ್ಲದ ಸಂಗತಿಯೇನಲ್ಲ!

ಅವನು ಮಡಿಯನ್ನು ಮೂಗಿಗೆ ಹಿಡಿದ. "ಆದ್ರೆ ಎಣ್ಣೆಗೆ ಲವಂಗದ ವಾಸನೆ ಯಾಕೆ ಬರುತ್ತೆ?"

"ಎಣ್ಣೆ ಅಲ್ಲ" ಎಂದೆ. "ಲೇಬ್‌ಕೂಖನ್."

"ಯಾರದು?"

"ಈ ಮನೇಲಿ ಎಷ್ಟು ಜನ ಇದ್ದೀವಿ ಅರ್ನೋ?"

ಅವನು ನನ್ನನ್ನು ನೋಡಿದ. ಮಡಿಯನ್ನು ನೋಡಿದ. ಆಮೇಲೆ ನಗತೊಡಗಿದವನು ಕೆಮ್ಮು ಬರುವವರೆಗೂ ನಿಲ್ಲಿಸಲಿಲ್ಲ. "ಅಂದ್ರೆ ನೀನು ಬಟ್ಟೆ ಒಗೀತಾನೇ ಇರಲಿಲ್ಲ! ನಾನಿಲ್ಲಿ ಅಯ್ಯೋ ಪಾಪ ಅಂದ್ಕೊಂಡು... ಒಳಗೆ ಕೈ ಹಾಕಿ ನೋಡಿದ್ರೆ ಸಿಕ್ತಿತ್ತಲ್ಲ ನಂಗೆ!"

"ನಗೋದು ಸಾಕು. ಅಂಗಡಿ ಮುಚ್ಚೋದ್ರೊಳಗೆ ಓಡು. ನಾಳೆ ಭಾನುವಾರ, ಊರಲ್ಲಿ ಒಂದು ಸೂಜಿಯೂ ಸಿಗಲ್ಲ!"

ಅವನು ಓಡಿದ. ಎತ್ತಿನ ಪಿತ್ತದ ಸಾಬೂನು ತಂದ. ಹೆಸರು ಕೇಳಿ ಮೂಗು ಮುರಿಯಬೇಡಿ. ಬಿಯರು, ಹುಲ್ಲು, ಬೆರ್ರಿ ಹಣ್ಣು, ರಕ್ತ ಯಾವ ಕಲೆಯನ್ನೂ ಬಿಡದ, ಅಗ್ಗದ, ಕುರೂಪಿ ಸಾಬೂನು ಅದು. ನಮ್ಮ ಸೂಪರ್‌ಮಾರ್ಕೆಟ್ಟಿನ ಅತ್ಯಂತ ಕೆಳಗಿನ ಅಟ್ಟಣೆಯಲ್ಲಿ ಬಿದ್ದಿರುತ್ತದೆ. ಇಬ್ಬರೂ ತೊಟ್ಟಿಯ ಎರಡು ಬದಿ ನಿಂತು ಉಜ್ಜಿದೆವು. ಖಂಡಗಳು ದ್ವೀಪಗಳಾದವು, ದ್ವೀಪಗಳು ಚುಕ್ಕೆಗಳಾದವು, ಕೊನೆಗೆ ಅವೂ ಮುಳುಗಿದವು. ಆ ಎತ್ತಿಗೆ ನಾನು ಇಂದಿಗೂ ಋಣಿ!

ಕಲೆ ಹೋಯಿತು. ವಾಸನೆ ಹೋಗಲಿಲ್ಲ.

ಭಾನುವಾರ ಚರ್ಚಿನಲ್ಲಿ ಮುಂದಿನ ಸಾಲಿನ ಮಕ್ಕಳು ಮೂಗು ಎತ್ತಿ ಎತ್ತಿ ಮೂಸುತ್ತಿದ್ದರು. ಪ್ರಾರ್ಥನೆ ಮುಗಿದು ಪಕ್ಕದ ಸಭಾಂಗಣದಲ್ಲಿ ಕಾಫಿಗೆ ಸೇರಿದಾಗ ಪಾದ್ರಿಯಮ್ಮನೇ ಶುರು ಮಾಡಿದರು: "ಇವತ್ತು ಏನೋ ವಿಶೇಷ. ಪೀಠದ ಹತ್ರ ನಿಂತ್ರೆ ಕ್ರಿಸ್‌ಮಸ್ ಬಂದ ಹಾಗಿತ್ತು."

"ಲೇಬ್‌ಕೂಖನ್!" ಎಂದರು ಫ್ರೌ ಕ್ನೋಪ್. "ಆ ಮಡೀದೇ ವಾಸನೆ. ಮಡಿ ಒಗೆದದ್ದು ಯಾರು?"

ಕಪ್ಪುಗಳೆಲ್ಲ ತಟ್ಟೆಗಿಳಿದವು. ಎಲ್ಲರೂ ನನ್ನ ಕಡೆ ತಿರುಗಿದರು. ಇದೇ ಸಭಾಂಗಣದಲ್ಲಿ ಸಾಮ್ರಾಜ್ಯಗಳ ಪತನದ ಬಗ್ಗೆ ಗುಡುಗಿದ್ದವಳು ನಾನು. ಬಾಯಿ ತೆರೆದೆ. ಸತ್ಯ ಹೇಳುವುದಕ್ಕೇ ತೆರೆದೆ ಎಂದು ನೀವು ನಂಬಬೇಕು. ಅಷ್ಟರಲ್ಲಿ ಪಕ್ಕದಿಂದ ಒಂದು ಧ್ವನಿ ಬಂತು.

"ತಪ್ಪು ನಂದು" ಎಂದ ಅರ್ನೋ. "ಕದ್ದು ತಂದು ಮಷೀನಿನೊಳಗೆ ಬಚ್ಚಿಟ್ಟಿದ್ದೆ. ಇವಳಿಗೆ ಗೊತ್ತಾದ್ರೆ ಬಿಡಲ್ಲ ಅಂತ. ಆಸೆ ತಡೆಯಕ್ಕಾಗಲಿಲ್ಲ, ಏನ್ಮಾಡ್ಲಿ!"

ಸಭಾಂಗಣ ನಕ್ಕಿತು. ನಕ್ಕಿದ್ದಷ್ಟೇ ಅಲ್ಲ, ಕರಗಿತು! "ಪಾಪ ಕಣ್ರೀ!" "ಈ ವಯಸ್ಸಲ್ಲಿ ಬಚ್ಚಿಟ್ಟು ತಿನ್ನೋ ಗತಿ!" "ಮೊನ್ನೆ ಹೊಟ್ಟೆ ಬೇರೆ ಕೆಟ್ಟಿತ್ತಂತೆ." ಎಲ್ಲರೂ ನನ್ನನ್ನು ನೋಡಿದ ರೀತಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಇಬ್ಬರೂ ಮನೆಯ ದಾರಿ ಹಿಡಿದೆವು. ಹಬ್ಬದ ದಿನ ಪೀಠದ ಮುಂದೆ ನಿಂತು ಮಳೆಗೆ, ಬೆಳೆಗೆ, ಬ್ರೆಡ್ಡಿಗೆ ಧನ್ಯವಾದ ಹೇಳುವುದು ನನಗೆ ರೂಢಿ. ಪಕ್ಕದಲ್ಲಿ ನಡೆಯುತ್ತಿರುವವನಿಗೆ ಹೇಳುವುದು ರೂಢಿಯಿರಲಿಲ್ಲ. ಮನೆ ಬಾಗಿಲಲ್ಲಿ ಕೊನೆಗೂ ಹೇಳಿದೆ: "ಅರ್ನೋ, ಥ್ಯಾಂಕ್ಸ್."

"ಇರಲಿ ಬಿಡು" ಎಂದು ಅವನು ಕೋಟು ಬಿಚ್ಚಿ ಅಡುಗೆಮನೆ ಮೇಜಿನ ಮೇಲೆ ಕೊಡವಿದ. ಬಲಗಿಸೆಯಿಂದ ಒಂದು ಲೇಬ್‌ಕೂಖನ್ ಪೊಟ್ಟಣ ಬಿತ್ತು. ಎಡಗಿಸೆಯಿಂದ ಒಂದು. ಒಳಗಿಸೆಯಿಂದ ಎರಡು. ಬೀಳುತ್ತಲೇ ಇದ್ದವು! ಸಭಾಂಗಣದ ಹೆಂಗಸರೆಲ್ಲ ಕಾಫಿಯ ನಡುವೆಯೇ ಮನೆಗೆ ಓಡಿ ತಂದು, ನನ್ನ ಕಣ್ಣು ತಪ್ಪಿಸಿ ತುರುಕಿದ್ದರಂತೆ. ಪಾದ್ರಿಯಮ್ಮನದೂ ಒಂದಿತ್ತು.

ಅವನು ಕುರ್ಚಿ ಎಳೆದು ಕೂತು ಒಂದನ್ನು ಒಡೆದ. ಚಾಕೊಲೇಟ್ ಸದ್ದು ಮಾಡಿ ಮುರಿಯಿತು. ಜಾಮ್ ಮಿನುಗಿತು. ನಾನು ಕೈ ಚಾಚಿದೆ.

ಪೊಟ್ಟಣ ಹಿಂದಕ್ಕೆ ಸರಿಯಿತು.

"ಉಹ್ಞೂಂ. ನಾನು ಕಳ್ಳ ಅಂತ ಊರಿಗೇ ಗೊತ್ತು, ನಾನು ತಿನ್ನಬಹುದು. ನೀನು ಮಾನವಂತೆ, ಡಿಸೆಂಬರ್ ತನಕ ಕಾಯಬೇಕು. ಮಾನ ನಿಂಗೆ, ಲೇಬ್‌ಕೂಖನ್ ನಂಗೆ. ಆಸ್ತಿ ಪಾಲು ನ್ಯಾಯವಾಗಿದೆಯಲ್ಲ, ಪ್ರೊಫೆಸರಮ್ಮ?"